ಎಂಟು ಶಾರ್ಡ್ ಎರಡಾದ ರಾತ್ರಿ: ಎಲಾಸ್ಟಿಕ್‌ಸರ್ಚ್‌ನ ಶ್ರಿಂಕ್ ಬಳಸಿ ನೋಡಿದೆ

ನಮ್ಮ ಆಫೀಸು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ, ಒಂದು ಮೆಡಿಕಲ್ ಶಾಪಿನ ಮಹಡಿ ಮೇಲೆ. ಹರಿಹರ, ಚಿತ್ರದುರ್ಗ, ಚಳ್ಳಕೆರೆ ಎಲ್ಲಾ ಸೇರಿ ಸುಮಾರು 200 ಔಷಧಿ ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇವೆ. ಹಳೇ ಬಿಲ್ ಹುಡುಕುವುದಕ್ಕೆ ಎಲಾಸ್ಟಿಕ್‌ಸರ್ಚ್ 7 ಎಂಬ ಹುಡುಕಾಟದ ಸಾಫ್ಟ್‌ವೇರ್ ಇದೆ, ಮೂರು ಸಾಧಾರಣ ಸರ್ವರ್‌ಗಳ ಮೇಲೆ. ಅದರ ಉಸಾಬರಿ ಪೂರ್ತಿ ನನ್ನದೇ. ದಾಖಲೆಗಳ ಒಂದು ಸಂಗ್ರಹಕ್ಕೆ ಅದರಲ್ಲಿ ಇಂಡೆಕ್ಸ್ ಅಂತ ಹೆಸರು, ಇಂಡೆಕ್ಸನ್ನು ಒಡೆದು ಇಡುವ ತುಂಡುಗಳೇ ಶಾರ್ಡ್. ಆ ತುಂಡುಗಳ ಸಂಖ್ಯೆ ಇಳಿಸುವ ಕಮಾಂಡ್ ಶ್ರಿಂಕ್.

ಒಂದು ಬೆಳಿಗ್ಗೆ ನೋಡಿದರೆ ಆವತ್ತಿನ ಲಾಗ್ (ಸಿಸ್ಟಮ್ಮಿನ ದಿನಚರಿ) ಇಂಡೆಕ್ಸ್ ಹುಟ್ಟಿಯೇ ಇಲ್ಲ. ಶಾರ್ಡ್‌ಗಳ ಮಿತಿ ಮುಗಿಯಿತು ಎಂಬ ಎರರ್. ಒಂದು ನೋಡ್‌ಗೆ (ಅಂದರೆ ಒಂದು ಸರ್ವರ್‌ಗೆ) 1000 ಶಾರ್ಡ್ ಅಂತ ಲೆಕ್ಕ, ಮೂರಕ್ಕೆ 3000. ಅಷ್ಟೊಂದು ಎಲ್ಲಿಂದ ಬಂತು ಅಂತ ನೋಡಿದರೆ ತಪ್ಪು ನನ್ನದೇ. ಆವೃತ್ತಿ 6ರವರೆಗೆ ಒಂದು ಇಂಡೆಕ್ಸ್‌ಗೆ ತಾನಾಗಿಯೇ 5 ಶಾರ್ಡ್ ಬರುತ್ತಿತ್ತು. 2019ರಲ್ಲಿ 7.0 ಬಂದಾಗ ಅದನ್ನು 1 ಮಾಡಿದರು. ನಾನು ಮಾತ್ರ ಹೊಸ ಇಂಡೆಕ್ಸ್‌ಗಳ ಸೆಟ್ಟಿಂಗ್ ಬರೆದಿಡುವ ಹಳೇ ಟೆಂಪ್ಲೇಟನ್ನೇ ತಂದು ಅಂಟಿಸಿದ್ದೆ. ದಿನಕ್ಕೊಂದು ಇಂಡೆಕ್ಸ್, ಅದಕ್ಕೆ 5 ಶಾರ್ಡ್, ಜೊತೆಗೆ ಒಂದೊಂದಕ್ಕೂ ಒಂದು ನಕಲು ಪ್ರತಿ, ಅಂದರೆ 5 ರೆಪ್ಲಿಕಾ. ಹತ್ತು ತಿಂಗಳಿಗೆ ಮನೆ ತುಂಬಿತ್ತು. ಒಂದೊಂದು ಶಾರ್ಡ್‌ನಲ್ಲಿ ಇದ್ದದ್ದು ಬರೀ 6 ಎಂಬಿ!

ಶಾರ್ಡ್ ಅಂದರೆ ಸುಮ್ನೆ ಒಂದು ಫೈಲ್ ಅಲ್ಲ. ಪ್ರತಿಯೊಂದೂ ಲೂಸೀನ್‌ನ (ಎಲಾಸ್ಟಿಕ್‌ಸರ್ಚ್ ಒಳಗಿನ ಹುಡುಕಾಟದ ಎಂಜಿನ್) ಒಂದು ಪೂರ್ತಿ ಇಂಡೆಕ್ಸ್. ಖಾಲಿ ಇದ್ದರೂ ತನ್ನ ಪಾಲಿನ ಮೆಮೊರಿ ತಿನ್ನುತ್ತದೆ. ಹುಡುಕಾಟ ಬಂದರೆ ಎಲ್ಲಾ ಶಾರ್ಡ್‌ಗಳನ್ನೂ ಕೇಳಿ, ಉತ್ತರ ಕೂಡಿಸಿ ಕೊಡಬೇಕು. ಒಂದು ಚೀಟಿ ಹುಡುಕುವುದಕ್ಕೆ ಎಂಟು ಗುಮಾಸ್ತರನ್ನು ಎಬ್ಬಿಸಿದ ಹಾಗೆ.

ಎಂಟು ಅಂದದ್ದು ಸುಮ್ನೆ ಅಲ್ಲ. ನಮ್ಮ ಬಿಲ್‌ಗಳ ದೊಡ್ಡ ಇಂಡೆಕ್ಸ್‌ನಲ್ಲಿ ಇದ್ದದ್ದು ಎಂಟೇ. 6 ಕೋಟಿ ಸಾಲು, 36 ಜಿಬಿ. ಒಂದೊಂದು ಶಾರ್ಡ್ 10ರಿಂದ 50 ಜಿಬಿ ಒಳಗೆ ಇದ್ದರೆ ಚೆನ್ನ ಅನ್ನುತ್ತಾರೆ, ನಮ್ಮದು ನಾಲ್ಕೂವರೆ. ಶಾರ್ಡ್ ಸಂಖ್ಯೆಯನ್ನು ಇಂಡೆಕ್ಸ್ ಹುಟ್ಟುವಾಗಲೇ ಗೊತ್ತುಮಾಡಬೇಕು, ಆಮೇಲೆ ತಿದ್ದುವ ಹಾಗಿಲ್ಲ. ಕಡಿಮೆ ಸಂಖ್ಯೆಯ ಹೊಸ ಇಂಡೆಕ್ಸ್ ಮಾಡಿಕೊಡುವುದೇ ಈ ಶ್ರಿಂಕ್. 2016ರಲ್ಲಿ 5.0 ಜೊತೆ ಬಂದದ್ದು.

ರಾತ್ರಿ ಹನ್ನೊಂದಕ್ಕೆ, ಅಂಗಡಿಗಳೆಲ್ಲ ಬಾಗಿಲು ಹಾಕಿದ ಮೇಲೆ ಕೂತೆ. ಪಕ್ಕದಲ್ಲಿ ಸಂಜೆ ಕಟ್ಟಿಸಿಕೊಂಡು ಬಂದಿದ್ದ ಖಾರ ಮಂಡಕ್ಕಿ, ಅಷ್ಟೊತ್ತಿಗೆ ಮೆತ್ತಗಾಗಿದ್ದ ಮಿರ್ಚಿ. ಮೊದಲು ಬ್ಯಾಕಪ್. ಆಮೇಲೆ ರೆಪ್ಲಿಕಾ ಸೊನ್ನೆ ಮಾಡಿದೆ. ಹೊಸದಾಗಿ ಏನೂ ಬರೆಯದಂತೆ ಇಂಡೆಕ್ಸ್‌ಗೆ ಬೀಗ ಹಾಕಿದೆ. ಎಂಟೂ ಶಾರ್ಡ್ ಒಂದೇ ನೋಡ್‌ಗೆ ಬಂದು ಕೂರಬೇಕು, ಇದು ಕಡ್ಡಾಯ. ಸಮಯ ತಿನ್ನುವುದು ಈ ಸಾಗಾಟವೇ. ನನಗೆ 15 ನಿಮಿಷ ಹಿಡಿಯಿತು. ಆ ನೋಡ್‌ನ ಡಿಸ್ಕ್‌ನಲ್ಲಿ ಜಾಗ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಸರ್ವರ್ ಮೂರಿವೆ, ತಲೆಗೊಂದರಂತೆ ಮೂರು ಶಾರ್ಡ್ ಮಾಡೋಣ ಅಂತ ಕೊಟ್ಟೆ. ಒಪ್ಪಲಿಲ್ಲ. ಎಂಟು ಮೂರರಿಂದ ಶೇಷವಿಲ್ಲದೆ ಭಾಗವಾಗಬೇಕಂತೆ! ಮೊದಲು ಸಿಟ್ಟು ಬಂತು, ಆಮೇಲೆ ಅರ್ಥವಾಯಿತು. ಶ್ರಿಂಕ್ ಒಳಗಿನ ದಾಖಲೆಗಳನ್ನು ಬಿಚ್ಚಿ ಹಂಚುವುದಿಲ್ಲ. ಇಡೀ ಇಡೀ ಶಾರ್ಡ್‌ಗಳನ್ನೇ ಒಟ್ಟುಗೂಡಿಸುತ್ತದೆ. ಎಂಟನ್ನು ನಾಲ್ಕು, ಎರಡು ಅಥವಾ ಒಂದು ಮಾಡಬಹುದು, ಅಷ್ಟೇ. ನಿಮ್ಮದು ಏಳು ಶಾರ್ಡ್ ಇದ್ದರೆ ಒಂದಕ್ಕೇ ಇಳಿಯಬೇಕು, ನಡುವೆ ನಿಲ್ಲುವುದಕ್ಕೆ ಜಾಗ ಇಲ್ಲ. ಒಂದು ಶಾರ್ಡ್‌ನಲ್ಲಿ ಸುಮಾರು 214 ಕೋಟಿ ದಾಖಲೆಯ ಮೇಲ್ಮಿತಿಯೂ ಇದೆ. ನಮ್ಮಂಥವರಿಗೆ ಅದರ ಚಿಂತೆ ಇಲ್ಲ ಬಿಡಿ.

ಎರಡು ಅಂತ ಕೊಟ್ಟೆ. ಇಲ್ಲಿ ಮಾತ್ರ ಭೇಷ್ ಅನ್ನಬೇಕು. ಇನ್ನೊಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಮುಗಿದಿತ್ತು. 36 ಜಿಬಿ ನಕಲು ಮಾಡುವುದಿಲ್ಲ, ಅದೇ ಫೈಲ್‌ಗಳಿಗೆ ಹಾರ್ಡ್ ಲಿಂಕ್, ಅಂದರೆ ಇನ್ನೊಂದು ಹೆಸರು, ಹಾಕಿಬಿಡುತ್ತದೆ. ಹಾರ್ಡ್ ಲಿಂಕ್ ನಡೆಯದ ಫೈಲ್ ಸಿಸ್ಟಮ್ ಆದರೆ ನಿಜವಾಗಿ ನಕಲಾಗುತ್ತದೆ, ಆಗ ಇಷ್ಟು ಬೇಗ ಆಗಲ್ಲ. ಹೊಸ ಇಂಡೆಕ್ಸ್‌ಗೆ ಹೆಸರೂ ಹೊಸದು. ನಮ್ಮ ಪ್ರೋಗ್ರಾಮಿನಲ್ಲಿ ಹಳೇ ಹೆಸರೇ ಕೂತಿತ್ತು. ಹಳೆಯದನ್ನು ಅಳಿಸಿ, ಆ ಹೆಸರನ್ನೇ ಹೊಸದಕ್ಕೆ ಏಲಿಯಾಸ್ (ಅಡ್ಡಹೆಸರು) ಮಾಡುವ ಕೆಲಸ ಒಂದೇ ಕಮಾಂಡ್‌ನಲ್ಲಿ ಆಯಿತು. ಮನೆಗೆ ಹೋಗಿ ಮಲಗಿದೆ.

ಬೆಳಿಗ್ಗೆ ಒಂಬತ್ತೂವರೆಗೆ ಚಳ್ಳಕೆರೆಯಿಂದ ಫೋನು. "ಸಾರ್, ಈಗ ಮಾಡಿದ ಬಿಲ್ಲೇ ಹುಡುಕಿದ್ರೆ ಬರ್ತಿಲ್ಲ, ಸ್ವಲ್ಪ ನೋಡ್ರಿ." ಹತ್ತು ನಿಮಿಷದಲ್ಲಿ ಇನ್ನೂ ನಾಲ್ಕು ಕಡೆಯಿಂದ ಅದೇ ಮಾತು. ಬಿಲ್‌ಗಳು ಡೇಟಾಬೇಸ್‌ನಲ್ಲಿ ಭದ್ರವಾಗಿದ್ದವು, ಹುಡುಕಾಟಕ್ಕೆ ಮಾತ್ರ ಸೇರುತ್ತಿರಲಿಲ್ಲ. ಆಗಿದ್ದು ಇಷ್ಟೇ. ಹಳೇ ಇಂಡೆಕ್ಸ್‌ಗೆ ಹಾಕಿದ ಬೀಗವೂ, ಒಂದೇ ನೋಡ್‌ನಲ್ಲಿರು ಎಂಬ ಕಟ್ಟಪ್ಪಣೆಯೂ ಹೊಸದಕ್ಕೆ ಬಳುವಳಿಯಾಗಿ ಬಂದಿದ್ದವು. ಶ್ರಿಂಕ್ ಕಮಾಂಡ್ ಕೊಡುವಾಗಲೇ ಎರಡನ್ನೂ ನಲ್ (ಖಾಲಿ) ಮಾಡಬೇಕು. ಕೈಪಿಡಿಯ ಉದಾಹರಣೆಯಲ್ಲೇ ಅದು ಇದೆ, ನಿದ್ದೆಗಣ್ಣಲ್ಲಿ ನಾನು ಆ ಎರಡು ಸಾಲು ಬಿಟ್ಟಿದ್ದೆ. ನೀವು ಬಿಡಬೇಡಿ. ರೆಪ್ಲಿಕಾವನ್ನೂ ಮತ್ತೆ 1 ಮಾಡಿ.

ಈಗ ಲಾಗ್‌ಗಳ ಕಥೆ. ಶ್ರಿಂಕ್ ಕಡಿಮೆ ಮಾಡುವುದು ಒಂದು ಇಂಡೆಕ್ಸ್ ಒಳಗಿನ ಶಾರ್ಡ್‌ಗಳನ್ನು ಮಾತ್ರ. ಎರಡು ಇಂಡೆಕ್ಸ್‌ಗಳನ್ನು ಅದು ಸೇರಿಸುವುದಿಲ್ಲ. 300 ದಿನದ 300 ಇಂಡೆಕ್ಸ್‌ಗಳನ್ನು ಒಂದೊಂದಾಗಿ ಶ್ರಿಂಕ್ ಮಾಡಿದ್ದರೂ ರೆಪ್ಲಿಕಾ ಸೇರಿ 600 ಶಾರ್ಡ್ ಉಳಿಯುತ್ತಿದ್ದವು. ಅದರ ಬದಲು ತಿಂಗಳಿಗೊಂದು ಇಂಡೆಕ್ಸ್ ಮಾಡಿ ರೀಇಂಡೆಕ್ಸ್ ಕೊಟ್ಟೆ. ಅದು ನಿಧಾನ. ಪ್ರತಿ ದಾಖಲೆಯನ್ನೂ ಮತ್ತೆ ಓದಿ ಬರೆಯುತ್ತದೆ. ಆದರೆ ಕೊನೆಗೆ ಉಳಿದದ್ದು 20 ಶಾರ್ಡ್. 3000 ಎಲ್ಲಿ, 20 ಎಲ್ಲಿ! ಎಷ್ಟೋ ಜನ ಇಂಥ ಸಣ್ಣ ಇಂಡೆಕ್ಸ್‌ಗಳಿಗೂ ಶ್ರಿಂಕ್ ಹಿಡಿದು ಗುದ್ದಾಡುತ್ತಾರೆ, ಯಾಕೋ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಆ ಬೀಗದ ಬಳುವಳಿಗೆ. ತಪ್ಪು ನನ್ನದೇ ಇರಬಹುದು, ಆದರೂ ಒಂದು ಎಚ್ಚರಿಕೆಯ ಸಾಲು ತೋರಿಸಬಹುದಿತ್ತು ಅಲ್ವಾ? ಹಳೆಯ ಇಂಡೆಕ್ಸ್‌ಗಳನ್ನು ತಾನಾಗಿಯೇ ಶ್ರಿಂಕ್ ಮಾಡುವ ಸೌಲಭ್ಯವೂ ಇದರಲ್ಲಿದೆ. ಅದನ್ನು ಹಾಕೋಣ ಅಂತ ಕೂತವನು ಮೊದಲು ಟೆಂಪ್ಲೇಟ್‌ನಲ್ಲಿದ್ದ 5 ಅಳಿಸಿ 1 ಬರೆದೆ. ಆಮೇಲೆ ಶ್ರಿಂಕ್ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.