ಫುಕೆಟ್‌ನಲ್ಲಿ ಸ್ಕೂಟರ್ ಬಾಡಿಗೆಗೆ ಪಾಸ್‌ಪೋರ್ಟ್ ಒತ್ತೆ ಇಡಬೇಡಿ

ಬೆಳಗಾವಿಯವರಾದ ನಮಗೆ ಸಮುದ್ರವೆಂದರೆ ಗೋವಾ. ಚೋರ್ಲಾ ಘಾಟ್ ಇಳಿದು ಹೋಗಿ, ಲೈಸೆನ್ಸ್ ತೋರಿಸಿ, ಮುಂಗಡ ಹಣ ಕೊಟ್ಟು ಸ್ಕೂಟರ್ ಪಡೆಯುವುದು ನಮಗೆ ಎಷ್ಟೋ ವರ್ಷಗಳ ರೂಢಿ. ಕಳೆದ ವರ್ಷ ಜುಲೈ ತಿಂಗಳಲ್ಲಿ ನಾನು ಮತ್ತು ನನ್ನ ತಮ್ಮ ಥಾಯ್ಲೆಂಡಿನ ಫುಕೆಟ್ ದ್ವೀಪಕ್ಕೆ ಹೋದಾಗ ಅದೇ ರೂಢಿಯಂತೆ ನಡೆದುಕೊಂಡು ಪೆಟ್ಟು ತಿಂದೆವು. ಈ ಸಲ ರಜೆಗೆ ಅತ್ತ ಹೊರಟಿರುವವರಿಗೆ ಹಾಗಾಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಪಾಟಾಂಗ್ ಕಡಲತೀರದ ಹಿಂದಿನ ಬೀದಿಯ ಅಂಗಡಿಯೊಂದರಲ್ಲಿ ದಿನಕ್ಕೆ 250 ಬಹ್ತ್ (ಥಾಯ್ಲೆಂಡಿನ ಹಣ) ಬಾಡಿಗೆ ಎಂದರು. ಠೇವಣಿ ಹಣ ಬೇಡ, ಪಾಸ್‌ಪೋರ್ಟ್ ಒಂದನ್ನು ಇಟ್ಟುಹೋದರೆ ಸಾಕು ಎಂದರು. "ಅಣ್ಣಾ, ಪಾಸ್‌ಪೋರ್ಟ್ ಯಾಕ ಕೇಳಾಕತ್ತಾರ?" ಎಂದು ತಮ್ಮ ಆಗಲೇ ಅನುಮಾನಪಟ್ಟಿದ್ದ. ಅವನ ಮಾತು ಕೇಳದೆ ನನ್ನ ಪಾಸ್‌ಪೋರ್ಟನ್ನು ಕೊಟ್ಟು, ಓದಲು ಬಾರದ ಥಾಯ್ ಭಾಷೆಯ ಕರಾರುಪತ್ರಕ್ಕೆ ಸಹಿ ಹಾಕಿದೆ. ಗಾಡಿಯ ಒಂದು ಫೋಟೋ ಕೂಡ ತೆಗೆದುಕೊಳ್ಳಲಿಲ್ಲ.

ಮೂರು ದಿನಗಳ ನಂತರ ಸಂಜೆ ಗಾಡಿ ಹಿಂತಿರುಗಿಸಲು ಹೋದಾಗ ಅಂಗಡಿಯವನು ಮಂಡಿಯೂರಿ ಕುಳಿತು, ಮುಂಚಕ್ರದ ಮೇಲಿನ ಮಡ್‌ಗಾರ್ಡಿನ ಒಳ ಅಂಚಿನಲ್ಲಿ ಬೆರಳಾಡಿಸಿ, ಎರಡು ಇಂಚಿನ ಗೀರೊಂದನ್ನು ಮೊಬೈಲ್ ಬೆಳಕಿನಲ್ಲಿ ತೋರಿಸಿದ. ಆ ಗೀರಿನೊಳಗೆ ಧೂಳು ಗಟ್ಟಿಯಾಗಿ ಕೂತಿತ್ತು. ಮೂರು ದಿನದಲ್ಲಿ ಆದದ್ದಲ್ಲವೆಂಬುದು ನೋಡಿದರೇ ತಿಳಿಯುತ್ತಿತ್ತು. ಅವನು ಕೇಳಿದ್ದು 18,000 ಬಹ್ತ್, ಅಂದರೆ ನಮ್ಮ ಲೆಕ್ಕದಲ್ಲಿ 45,000 ರೂಪಾಯಿಗೂ ಹೆಚ್ಚು. ಪಾಸ್‌ಪೋರ್ಟ್ ಅವನ ಮೇಜಿನ ಖಾನೆಯಲ್ಲಿತ್ತು, ನಮ್ಮ ವಿಮಾನ ಮರುದಿನ ಬೆಳಗ್ಗೆ ಇತ್ತು.

ಅಲ್ಲಿನ ಪ್ರವಾಸಿ ಪೊಲೀಸರ ಸಹಾಯವಾಣಿ 1155 ನನ್ನ ನೆನಪಿನಲ್ಲಿದ್ದದ್ದು ಪುಣ್ಯ. ಇಂಗ್ಲಿಷ್ ಬಲ್ಲ ಅಧಿಕಾರಿಯೊಬ್ಬರು ಬಂದು ಮಾತನಾಡಿದ ಮೇಲೆ 6,000 ಬಹ್ತ್‌ಗೆ ಇತ್ಯರ್ಥವಾಯಿತು. ಮಾಡದ ಹಾನಿಗೆ ಅಷ್ಟನ್ನೂ ಕೊಡಬೇಕಾಗಿರಲಿಲ್ಲ, ಆದರೆ ಗೀರು ಮೊದಲೇ ಇತ್ತೆಂದು ತೋರಿಸಲು ನಮ್ಮ ಬಳಿ ಒಂದು ಫೋಟೋ ಕೂಡ ಇರಲಿಲ್ಲ. ಪಾಸ್‌ಪೋರ್ಟ್ ಕಾನೂನಿನ ಪ್ರಕಾರ ಭಾರತ ಸರ್ಕಾರದ ಸ್ವತ್ತು. ಅದನ್ನು ಒತ್ತೆ ಇಡುವ ಹಕ್ಕು ನಮಗಿಲ್ಲ. ಕಳೆದುಹೋದರೆ ತುರ್ತು ಪ್ರಯಾಣಪತ್ರಕ್ಕಾಗಿ ಸಂಪರ್ಕಿಸಬೇಕಾದ ನಮ್ಮ ರಾಯಭಾರ ಕಚೇರಿ ಇರುವುದು ದೂರದ ಬ್ಯಾಂಕಾಕ್‌ನಲ್ಲಿ. ಆದ್ದರಿಂದ ನಗದು ಠೇವಣಿ ಮತ್ತು ಪಾಸ್‌ಪೋರ್ಟಿನ ಜೆರಾಕ್ಸ್ ಪ್ರತಿಗೆ ಒಪ್ಪುವ ಅಂಗಡಿ ಸಿಗುವವರೆಗೆ ಹುಡುಕಿ. ಗಾಡಿ ಪಡೆಯುವಾಗ ಅಂಗಡಿಯವನ ಎದುರಿಗೇ, ತಳಭಾಗವೂ ಕಾಣುವಂತೆ, ಸುತ್ತಲೂ ವಿಡಿಯೋ ಮಾಡಿಕೊಳ್ಳಿ.

ಲೈಸೆನ್ಸಿನ ವಿಷಯವೂ ಅಷ್ಟೇ ಗಂಭೀರ. ನಮ್ಮ ಲೈಸೆನ್ಸ್ ಒಂದೇ ಅಲ್ಲಿ ಸಾಲದು. ರಸ್ತೆ ಸಂಚಾರದ ಕುರಿತ 1949ರ ಜಿನೀವಾ ಒಪ್ಪಂದದ ಮಾದರಿಯ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೂ ಜೊತೆಗಿರಬೇಕು. ಅದನ್ನು ಹೊರಡುವ ಮೊದಲೇ ಇಲ್ಲಿಯ ಆರ್‌ಟಿಒ ಕಚೇರಿಯಿಂದ ಪಡೆಯಬೇಕು, ಅವಧಿ ಒಂದು ವರ್ಷ. ಅದಿಲ್ಲದ ಕಾರಣ ಎರಡನೆಯ ದಿನವೇ ತಪಾಸಣೆಯಲ್ಲಿ ಸಿಕ್ಕು ದಂಡ ಕಟ್ಟಿದೆವು. ಊರಿಗೆ ಬಂದು ನಮ್ಮ ಪ್ರವಾಸ ವಿಮೆಯ ಪಾಲಿಸಿ ಓದಿದಾಗ, ಮಾನ್ಯ ಪರವಾನಗಿಯಿಲ್ಲದೆ ವಾಹನ ಓಡಿಸುವಾಗ ಆದ ಅಪಘಾತಕ್ಕೆ ಪರಿಹಾರವಿಲ್ಲವೆಂದು ಬರೆದದ್ದು ಕಂಡಿತು. ಪಾಟಾಂಗ್‌ನಿಂದ ಫುಕೆಟ್ ಪಟ್ಟಣದ ಕಡೆಗೆ ಹೋಗುವ ಕಡಿದಾದ ಗುಡ್ಡದ ರಸ್ತೆಯಲ್ಲಿ ನಾವು ಮಳೆ ಸುರಿಯುವಾಗ ಇಳಿದಿದ್ದೆವು. ಅಲ್ಲಿ ಜಾರಿ ಬಿದ್ದಿದ್ದರೆ ಆಸ್ಪತ್ರೆಯ ಖರ್ಚೆಲ್ಲ ನಮ್ಮ ತಲೆಯ ಮೇಲೆಯೇ ಬರುತ್ತಿತ್ತೆಂಬ ವಿಚಾರ ಇಂದಿಗೂ ನನ್ನನ್ನು ಕಾಡುತ್ತದೆ.

ಬಾಡಿಗೆಯ ಜೆಟ್ ಸ್ಕೀ (ನೀರಿನ ಮೇಲೆ ಓಡಿಸುವ ಸ್ಕೂಟರ್) ವಿಷಯದಲ್ಲೂ ಹಳೆಯ ಗೀರಿಗೆ ಹೊಸ ಹಣ ಕೇಳುವ ಇದೇ ಮೋಸ ಅಲ್ಲಿ ಹಲವು ವರ್ಷಗಳಿಂದ ನಡೆದುಬಂದಿದೆ. ನನ್ನನ್ನು ಕೇಳಿದರೆ ಅದರ ಗೊಡವೆಗೇ ಹೋಗದಿರುವುದು ಒಳ್ಳೆಯದು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಆ ಕಡಲು ಮಳೆಗಾಲದ ಅಬ್ಬರದಲ್ಲಿರುವುದರಿಂದ, ಕೆಂಪು ಬಾವುಟ ನೆಟ್ಟ ಕಡೆ ಮೊಣಕಾಲುದ್ದದ ನೀರಿಗೂ ಇಳಿಯಬೇಡಿ.

ಸ್ಕೂಟರ್ ಪಡೆದೇ ತೀರಬೇಕೆಂದಿದ್ದರೆ ಹಿಂತಿರುಗಿಸುವ ಕೆಲಸವನ್ನು ವಿಮಾನದ ಹಿಂದಿನ ದಿನ ಬೆಳಗ್ಗೆಯೇ ಮುಗಿಸಿ. ತಕರಾರು ಬಂದರೆ ಪೊಲೀಸರನ್ನು ಕರೆಸಲು, ಬೇರೆ ಗ್ಯಾರೇಜಿನವರಿಂದ ರಿಪೇರಿಯ ನಿಜವಾದ ದರ ಕೇಳಲು ಆಗ ನಿಮಗೆ ಇಡೀ ದಿನ ಸಿಗುತ್ತದೆ. ನಮ್ಮ ಕೈಯಲ್ಲಿ ಒಂದು ರಾತ್ರಿ ಮಾತ್ರ ಉಳಿದಿತ್ತು, ಅದು ಅಂಗಡಿಯವನಿಗೂ ಗೊತ್ತಿತ್ತು.