ಲಂಗರಿನಲ್ಲೇ ರಿಪೇರಿಯೋ, ಯಾರ್ಡಿಗೆ ಎತ್ತಿಸುವುದೋ?

ಕೆರಿಬಿಯನ್ ದ್ವೀಪ ಗ್ರೆನಡಾದ ಕೊಲ್ಲಿಯಲ್ಲಿ ಹಾಯಿದೋಣಿಯಲ್ಲೇ ವಾಸ. ಡೀಸೆಲ್ ಎಂಜಿನ್ ಬಿಸಿಯೇರುತ್ತಿದೆ, ಅದನ್ನು ತಣಿಸಿದ ಸಮುದ್ರದ ನೀರು ಎಕ್ಸಾಸ್ಟಿನಲ್ಲಿ ಹೊರಬರುತ್ತಿಲ್ಲ ಎಂದಾದರೆ ಯಾರ್ಡಿನ (ದೋಣಿಯನ್ನು ದಡಕ್ಕೆತ್ತಿ ರಿಪೇರಿ ಮಾಡುವ ಅಂಗಳದ) ಯೋಚನೆ ಬಿಡಿ, ಸಾಮಾನ್ಯವಾಗಿ ಲಂಗರಿನಲ್ಲೇ ಮುಗಿಯುವ ಕೆಲಸ. ಸೀಕಾಕ್ (ದೋಣಿಯ ಒಡಲಲ್ಲಿ ಸಮುದ್ರದ ನೀರು ಒಳಬಿಡುವ ಕವಾಟ) ಮುಚ್ಚಿ, ಆ ನೀರು ಎಳೆಯುವ ಪಂಪಿನ ಮುಚ್ಚಳ ಬಿಚ್ಚಿ, ಒಳಗೆ ತಿರುಗುವ ಎಸಳುಚಕ್ರವಾದ ರಬ್ಬರ್ ಇಂಪೆಲರ್ ಹೊರತೆಗೆಯಿರಿ. ಮುರಿದ ಎಸಳುಗಳನ್ನು ಎಣಿಸಿ. ಅವುಗಳ ಚೂರು ಸಾಮಾನ್ಯವಾಗಿ ಎಂಜಿನ್ನಿನ ಬಿಸಿಯನ್ನು ಸಮುದ್ರದ ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರಿನ ಬಾಯಲ್ಲಿ ಸಿಕ್ಕಿಕೊಂಡಿರುತ್ತವೆ. ಅಲ್ಲೇ ಬಿಟ್ಟರೆ ಹೊಸ ಇಂಪೆಲರ್ ಹಾಕಿದರೂ ಎಂಜಿನ್ ಮತ್ತೆ ಕಾಯುತ್ತದೆ. ಹೊಸದಕ್ಕೆ ಗ್ಲಿಸರಿನ್ ಸವರಿ. ಪೆಟ್ರೋಲಿಯಂ ಗ್ರೀಸ್ ಖಂಡಿತ ಬೇಡ, ನಿಯೋಪ್ರೀನ್ ಉಬ್ಬುತ್ತದೆ. ಸೀಕಾಕ್ ತೆರೆದ ಮೇಲೆಯೇ ಸ್ಟಾರ್ಟ್ ಮಾಡಿ.

ಪ್ರೊಪೆಲರ್ ಶಾಫ್ಟಿನ ಸುತ್ತ ನೀರು ತಡೆಯುವ ಸ್ಟಫಿಂಗ್ ಬಾಕ್ಸ್ ಅತಿಯಾಗಿ ತೊಟ್ಟಿಕ್ಕುತ್ತಿದ್ದರೂ ಅಷ್ಟೇ: ನಟ್ಟನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಅತಿಯಾಗಿ ಬಿಗಿದರೆ ಒಳಗೆ ತುಂಬಿದ ಪ್ಯಾಕಿಂಗ್ ಹುರಿ ಸುಟ್ಟು ಶಾಫ್ಟಿನಲ್ಲಿ ಗೀರು ಬೀಳುತ್ತದೆ.

ಸೀಕಾಕೇ ತುಕ್ಕು ಹಿಡಿದಿದ್ದರೆ, ನೀರೊಳಗೆ ಶಾಫ್ಟನ್ನು ಹಿಡಿದಿಡುವ ಕಟ್‌ಲೆಸ್ ಬೇರಿಂಗ್ ಸವೆದಿದ್ದರೆ ಮಾತು ಬೇರೆ. ದೋಣಿ ಎತ್ತಿಸಲೇಬೇಕು. ಯಾರ್ಡಿನಲ್ಲಿ ಏಣಿ ಹತ್ತಿ ಮನೆ ಸೇರುವ ಬಾಳು. ಸಮುದ್ರದ ನೀರಿನಿಂದ ತಣಿಯುವ ಫ್ರಿಜ್ ಓಡದು, ಸಮುದ್ರಕ್ಕೆ ಬಿಡುವ ಟಾಯ್ಲೆಟ್ಟೂ ಬಳಸಲಾಗದು. ಬಾಡಿಗೆ ಕೋಣೆಯ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ತಡವಾಗುವುದು ಹೆಚ್ಚಾಗಿ ಕೆಲಸದಿಂದಲ್ಲ, ಬಿಡಿಭಾಗ ಬರುವುದರಿಂದ. ಹಳೆಯ ಭಾಗದ ನಂಬರ್, ಅಳತೆ, ಫೋಟೊ ಮೊದಲೇ ಕಳಿಸಿ. ಪಾರ್ಸೆಲ್ ಮೇಲೆ ದೋಣಿಯ ಹೆಸರಿನೊಂದಿಗೆ ‘ಯಾಟ್ ಇನ್ ಟ್ರಾನ್ಸಿಟ್’ (ದೇಶ ಹಾದುಹೋಗುತ್ತಿರುವ ದೋಣಿ) ಎಂದು ಬರೆಸಿದರೆ ಸುಂಕದ ವಿನಾಯಿತಿ ಕೇಳಲು ಸುಲಭ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ, ಯಾರ್ಡುಗಳಲ್ಲಿ ಜಾಗ ಸಿಗುವುದು ಕಷ್ಟ. ಮುಂಗಡ ಕಾಯ್ದಿರಿಸಿ, ವೀಸಾ ಅವಧಿಯನ್ನೂ ಅದಕ್ಕೆ ಹೊಂದಿಸಿಕೊಳ್ಳಿ.