78ರ ಅಮ್ಮ, ಸ್ತನ ಕ್ಯಾನ್ಸರ್, ಹಿರಿಯರ ಕ್ಲಿನಿಕ್

ಮೊದಲು ತೋರಿಸಿದ ಕಡೆ ‘ಈ ವಯಸ್ಸಲ್ಲಿ ಯಾಕೆ ಸುಮ್ನೆ’ ಅಂದಿದ್ದರು. ಆ ಮಾತು ಇನ್ನೂ ನೋಯುತ್ತದೆ. ಹಿರಿಯರಿಗೆಂದೇ ಇರುವ ಈ ಕ್ಯಾನ್ಸರ್ ಕ್ಲಿನಿಕ್‌ನಲ್ಲಿ ಮೊದಲ ಭೇಟಿಗೇ ಮುಕ್ಕಾಲು ಗಂಟೆ ಕೊಟ್ಟರು. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ವಾಪಸ್ ಬಂದು ಕೂರಲು ಹೇಳಿ ಸಮಯ ನೋಡಿದರು. ನೆನಪು ಪರೀಕ್ಷಿಸಿದರು. ಬಿಪಿ, ಶುಗರ್ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹರಡಿಸಿ ಬರೆದುಕೊಂಡರು. ನಾನು ಪಕ್ಕದಲ್ಲಿದ್ದರೂ ಪ್ರಶ್ನೆಗಳೆಲ್ಲ ಅಮ್ಮನಿಗೇ.

ಗಡ್ಡೆ ಚಿಕ್ಕದು, ಈಸ್ಟ್ರೋಜನ್ ರಿಸೆಪ್ಟರ್ ಪಾಸಿಟಿವ್ (ಈಸ್ಟ್ರೋಜನ್ ಹಾರ್ಮೋನಿನಿಂದ ಬೆಳೆಯುವ ಬಗೆ), ಕಂಕುಳಿಗೆ ಹರಡಿರಲಿಲ್ಲ. ಗಂಟಷ್ಟೇ ತೆಗೆದು, ಆ ಹಾರ್ಮೋನ್ ತಗ್ಗಿಸುವ ಲೆಟ್ರೋಜೋಲ್ ಮಾತ್ರೆ ದಿನಕ್ಕೊಂದು ಕೊಟ್ಟರು. ಇಂಥವರು ರೇಡಿಯೇಶನ್ ಬಿಟ್ಟರೆ ಅದೇ ಸ್ತನದಲ್ಲಿ ಮರಳುವ ಸಾಧ್ಯತೆ ಸ್ವಲ್ಪ ಹೆಚ್ಚು, ಆಯಸ್ಸಿನಲ್ಲಿ ವ್ಯತ್ಯಾಸ ಕಂಡಿಲ್ಲ ಎಂದು ಬಿಡಿಸಿ ಹೇಳಿ, ನಿರ್ಧಾರ ಅಮ್ಮನಿಗೇ ಬಿಟ್ಟರು. ಅಮ್ಮ ಬೇಡ ಅಂದಳು. ಈ ಮಾತ್ರೆಯಿಂದ ಮೂಳೆ ಸವೆಯಬಹುದೆಂದು ಮೂಳೆಯ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಮೊದಲೇ ಮಾಡಿಸಿದರು. ಕಾಯುವ ಬೆಂಚಿಗೆ ಒರಗು ಮಾತ್ರ ಬೇಕೇಬೇಕು.